‘ಇನ್ನೂ ಕಾರು ತೆಗೆದುಕೊಂಡಿಲ್ಲವೇ?’ ಎಂದು ಕೇಳುವವರಿಗೆ

ಮಾನ್ಯರೇ,

ಕಳೆದ ವೈಶಾಖದಲ್ಲಿ ಬಂಧುಗಳ ಮನೆಯ ಆರತಕ್ಷತೆಗೆ ಹೋಗಿದ್ದೆವು. ರಿಂಗ್ ರಸ್ತೆಯಿಂದಾಚೆಗಿನ ಹೊಸ ಕಲ್ಯಾಣ ಮಂಟಪ. ಲಗ್ನಪತ್ರಿಕೆಯ ಕೊನೆಯಲ್ಲಿ ‘ವಿಶಾಲವಾದ ಪಾರ್ಕಿಂಗ್ ವ್ಯವಸ್ಥೆ ಇದೆ’ ಎಂದು ಅಚ್ಚಾಗಿತ್ತು; ಯಾವ ನಂಬರಿನ ಬಸ್ಸು ಬರುತ್ತದೆ ಎಂದು ಇರಲಿಲ್ಲ. ಊಟ ಮುಗಿಸಿ ಹೊರಬಂದಾಗ ರಾತ್ರಿ ಒಂಬತ್ತೂಮುಕ್ಕಾಲು. ಎಂಬತ್ತೆರಡು ವರ್ಷದ ನಮ್ಮ ಅತ್ತೆ ಒಂದು ಕೈಯಲ್ಲಿ ರೇಷ್ಮೆ ಸೀರೆಯ ನೆರಿಗೆ, ಇನ್ನೊಂದು ಕೈಯಲ್ಲಿ ತಾಂಬೂಲದ ಚೀಲ ಹಿಡಿದು ರಸ್ತೆಯಂಚಿನ ಮಣ್ಣಿನ ಮೇಲೆ ಮುಕ್ಕಾಲು ಗಂಟೆ ನಿಂತರು. ಕೂರಲು ಒಂದು ಕಲ್ಲೂ ಇರಲಿಲ್ಲ. ಮೊಬೈಲಿನಲ್ಲಿ ಕರೆದ ಆಟೊ ಎರಡು ಸಲ ರದ್ದಾಯಿತು. ಕೊನೆಗೆ ದೂರದ ನೆಂಟರೊಬ್ಬರು ತಮ್ಮ ಕಾರಿನಲ್ಲಿ ಹತ್ತಿಸಿಕೊಂಡರು. ದಾರಿಯುದ್ದಕ್ಕೂ ಅವರು ಕೇಳಿದ್ದು ಒಂದೇ ಮಾತು: ‘ಇಬ್ಬರಿಗೂ ಪಿಂಚಣಿ ಬರುತ್ತದೆ, ಇನ್ನೂ ಒಂದು ಕಾರು ತೆಗೆದುಕೊಂಡಿಲ್ಲವೇ?’

ಅವರ ಉಪಕಾರವನ್ನು ಮರೆಯಲಾರೆ. ಆದರೆ ಆ ಪ್ರಶ್ನೆಗೆ ಅಂದು ಕೊಡಲಾಗದ ಉತ್ತರವನ್ನು ನಿಮ್ಮ ಪತ್ರಿಕೆಯ ಮೂಲಕ ಕೊಡಬೇಕೆನಿಸಿದೆ.

ನನ್ನ ಪತಿಗೆ ಇಪ್ಪತ್ತಾರನೇ ವಯಸ್ಸಿನಲ್ಲಿ ಮೊದಲ ಸಲ ಮೂರ್ಛೆ ಬಂತು. ಚಾಲನಾ ಪರವಾನಗಿಗೆ ಅರ್ಜಿ ಹಾಕುವವರು ತುಂಬುವ ನಮೂನೆಯಲ್ಲಿ ಮೂರ್ಛೆರೋಗ ಇದೆಯೇ ಎಂದು ಕೇಳಿದ್ದಾರೆ. ‘ಇಲ್ಲ’ ಎಂದು ಬರೆದು ಪರವಾನಗಿ ಪಡೆಯುವಂತೆ ಸಲಹೆ ಕೊಟ್ಟವರೂ ಇದ್ದರು. ಇವರು ಒಪ್ಪಲಿಲ್ಲ. ರಸ್ತೆಯಲ್ಲಿ ಮಕ್ಕಳು ನಡೆಯುತ್ತಿರುತ್ತಾರೆ ಎಂದಷ್ಟೇ ಹೇಳಿ ಸುಮ್ಮನಾದರು. ಆ ನಿರ್ಧಾರದ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ.

ಹಾಗಾದರೆ ನೀವು ಕಲಿಯಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಕಲಿಯಬಹುದಿತ್ತು. ಆಗ ಮನೆ ಸಾಲದ ಕಂತು ಇತ್ತು, ಅದು ಮುಗಿಯುವ ಹೊತ್ತಿಗೆ ಮಗಳ ಕಾಲೇಜಿನ ಶುಲ್ಕ ಬಂತು. ಎಲ್ಲ ತೀರಿದ ಮೇಲೆ ನೋಡಿದರೆ ನಾವು ಕಾರಿಲ್ಲದೆ ಬದುಕುವುದನ್ನು ಕಲಿತುಬಿಟ್ಟಿದ್ದೆವು. ಶಾಲೆಗೆ ಒಂದೇ ಬಸ್ಸು, ತರಕಾರಿಗೆ ದೇವರಾಜ ಮಾರುಕಟ್ಟೆ, ಮಂಡ್ಯದಲ್ಲಿರುವ ಮೈದುನನ ಮನೆಗೆ ರೈಲು. ಮೊದಲು ವೈದ್ಯರ ಮಾತಾಗಿದ್ದದ್ದು ಆಮೇಲೆ ಲೆಕ್ಕದ ಮಾತಾಯಿತು, ಅದರಾಚೆಗೆ ಅಭ್ಯಾಸವಾಯಿತು. ಈಗ ಯಾರಾದರೂ ಪುಕ್ಕಟೆ ಕೊಟ್ಟರೂ ನಮಗೆ ಕಾರು ಬೇಡ. ಇದರಲ್ಲಿ ಅನಿವಾರ್ಯ ಎಷ್ಟು, ಆಯ್ಕೆ ಎಷ್ಟು ಎಂದು ಬಿಡಿಸಿ ಹೇಳಲು ನನ್ನಿಂದಾಗದು.

ನಮ್ಮ ಬೀದಿಯಲ್ಲೇ ಕಾರಿಲ್ಲದ ಮನೆ ಇನ್ನೂ ನಾಲ್ಕಿವೆ. ಎದುರು ಸಾಲಿನವರು ಹದಿನೆಂಟು ವರ್ಷಗಳಿಂದ ಇನ್ನೊಬ್ಬರ ಕಾರು ಓಡಿಸಿ ಸಂಸಾರ ಸಾಗಿಸುತ್ತಿದ್ದಾರೆ. ಅವರ ಮನೆಯಲ್ಲಿರುವುದು ಒಂದು ಮೊಪೆಡ್. ಮೂಲೆ ಮನೆಯ ಹಿರಿಯರು ಕಣ್ಣಿನ ದೃಷ್ಟಿ ಕುಂದಿದ್ದರಿಂದ ತಾವಾಗಿಯೇ ಕಾರು ಮಾರಿದರು. ಅದನ್ನು ಕೊಂಡುಕೊಂಡವರು ಬಂದು ಓಡಿಸಿಕೊಂಡು ಹೋದ ದಿನ ಅವರು ಗೇಟಿನ ಬಳಿ ತುಂಬಾ ಹೊತ್ತು ನಿಂತಿದ್ದುದನ್ನು ನಾನು ನೋಡಿದ್ದೇನೆ. ಇವರಲ್ಲಿ ಯಾರೂ ಸೋಮಾರಿಗಳಲ್ಲ, ಜಿಪುಣರಲ್ಲ. ಕಾರಿಲ್ಲದ ಮನೆಯೆಂದರೆ ಏನೋ ಕೊರತೆಯಿರುವ ಮನೆ ಎಂಬಂತೆ ನೋಡುವುದು ನನಗೆ ನೋವು ತರುತ್ತದೆ.

ಅಮೆರಿಕದಲ್ಲಿ ನೂರು ಮನೆಗಳಲ್ಲಿ ಸುಮಾರು ಎಂಟರಲ್ಲಿ ಮಾತ್ರ ಕಾರಿಲ್ಲ. ನಮ್ಮ ದೇಶದ ಲೆಕ್ಕ ತಲೆಕೆಳಗು: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕಾರಿರುವುದೇ ನೂರಕ್ಕೆ ಎಂಟಕ್ಕಿಂತ ಕಡಿಮೆ ಮನೆಗಳಲ್ಲಿ. ಅದೇ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳಿಗೆ ಕಾರಿಲ್ಲ. ಅಲ್ಲಿ ಸುರಂಗ ರೈಲು ಹಗಲಿರುಳೂ ಓಡುತ್ತದೆ, ಅಂಗಡಿಗಳು ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ಇಷ್ಟು ಕಡಿಮೆ ಮನೆಗಳಲ್ಲಿ ಕಾರಿರುವ ದೇಶದಲ್ಲಿ ನಾವು ಎಲ್ಲರ ಬಳಿಯೂ ಕಾರಿದೆ ಎಂದು ಭಾವಿಸಿ ಊರು ಕಟ್ಟುತ್ತಿದ್ದೇವೆ.

ಮೈಸೂರು ಹೀಗಿರಲಿಲ್ಲ. 1903ರಲ್ಲೇ ನಗರ ಸುಧಾರಣೆಗೆಂದು ಟ್ರಸ್ಟ್ ಮಂಡಳಿ ಮಾಡಿಕೊಂಡ ಊರು ಇದು. ಅಗ್ರಹಾರದವರು, ಲಕ್ಷ್ಮೀಪುರದವರು ಇಂದಿಗೂ ನಡೆದೇ ಮಾರುಕಟ್ಟೆಗೆ ಹೋಗಿಬರುತ್ತಾರೆ. ಆದರೆ ಹೊಸ ಬಡಾವಣೆಗಳಲ್ಲಿ ಮೊದಲು ನಿವೇಶನ, ಆಮೇಲೆ ಡಾಂಬರು, ಹತ್ತು ವರ್ಷ ಕಳೆದ ಮೇಲೆ ಬಸ್ಸಿನ ಮಾತು. ಅಷ್ಟರಲ್ಲಿ ಸಾಲ ಮಾಡಿಯಾದರೂ ಎಲ್ಲರೂ ವಾಹನ ಕೊಂಡಿರುತ್ತಾರೆ, ಬಸ್ಸು ಬಂದರೂ ಹತ್ತುವವರಿಲ್ಲ ಎಂದು ಅದು ನಿಲ್ಲುತ್ತದೆ.

ಒಳ್ಳೆಯದೂ ಆಗಿದೆ, ಅದನ್ನು ಹೇಳದಿದ್ದರೆ ತಪ್ಪಾದೀತು. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಆರಂಭವಾದ ಮೇಲೆ ನಮ್ಮ ಮನೆಕೆಲಸಕ್ಕೆ ಬರುವಾಕೆ ಉಳಿದ ಬಸ್ ಚಾರ್ಜಿನಲ್ಲಿ ಮಗನಿಗೆ ಟ್ಯೂಷನ್ ಹಾಕಿಸಿದ್ದಾಳೆ. ಆದರೆ ಟಿಕೆಟ್ ಉಚಿತವಾದರೆ ಸಾಲದು, ಬಸ್ಸೂ ಬರಬೇಕು, ನಿಲ್ದಾಣದವರೆಗೆ ನಡೆಯಲೂ ಆಗಬೇಕು.

ಆ ನಡಿಗೆಯನ್ನೇ ನೋಡಿ. ನಮ್ಮ ಮನೆಯಿಂದ ಬಸ್ ನಿಲ್ದಾಣಕ್ಕೆ ಆರು ನಿಮಿಷದ ದಾರಿ, ಇಕ್ಕೆಲದಲ್ಲೂ ಚರಂಡಿಯ ಮೇಲೆ ಚಪ್ಪಡಿ ಹಾಕಿದ ಕಾಲುದಾರಿ. ಒಂದು ಮನೆಯವರು ಅದಕ್ಕೆ ಕಬ್ಬಿಣದ ಬೇಲಿ ಹಾಕಿ ದಾಸವಾಳ ನೆಟ್ಟಿದ್ದಾರೆ. ಮುಂದಿನ ಮನೆಯವರು ಕಾರು ಏರಲೆಂದು ಸಿಮೆಂಟಿನ ಇಳಿಜಾರು ಕಟ್ಟಿದ್ದಾರೆ. ಅದರಾಚೆ ಕಾರೇ ನಿಂತಿದೆ. ಅತ್ತೆ ಊರುಗೋಲು ಹಿಡಿದು ರಸ್ತೆಗಿಳಿಯುತ್ತಾರೆ, ಮತ್ತೆ ಏರುತ್ತಾರೆ, ಮತ್ತೆ ಇಳಿಯುತ್ತಾರೆ. ಆರು ನಿಮಿಷದ ದಾರಿ ಅವರಿಗೆ ಇಪ್ಪತ್ತು ನಿಮಿಷ. ಪಾದಚಾರಿಗಳಿಗೆ ಕಾಲುದಾರಿ ಬಳಸುವ ಹಕ್ಕು ಜೀವಿಸುವ ಹಕ್ಕನ್ನು ಕಾಯುವ ಸಂವಿಧಾನದ 21ನೇ ವಿಧಿಯಡಿಯೇ ಬರುತ್ತದೆ ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಮಾತು ನಮ್ಮ ಬೀದಿಗೆ ಇನ್ನೂ ತಲುಪಿಲ್ಲ.

ಸಂಬಂಧಪಟ್ಟವರಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಬಸ್ಸು ಎಲ್ಲಿ ತಿರುಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಗುರುತಿಸದ ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಡಬೇಡಿ. ಕಲ್ಯಾಣ ಮಂಟಪಗಳಿರುವ ರಸ್ತೆಗಳಲ್ಲಿ ಲಗ್ನದ ದಿನಗಳಲ್ಲಾದರೂ ರಾತ್ರಿ ಹತ್ತಕ್ಕೊಂದು ಬಸ್ಸು ಬಿಡಿ. ಕಾಲುದಾರಿಯ ಮೇಲಿನ ಬೇಲಿ, ಇಳಿಜಾರುಗಳನ್ನು ತೆಗೆಸಿ. ದಾಸವಾಳ ಕಾಂಪೌಂಡಿನ ಒಳಗೂ ಬೆಳೆಯುತ್ತದೆ.

ಮುಂದಿನ ತಿಂಗಳು ಅದೇ ಮಂಟಪದಲ್ಲಿ ಇನ್ನೊಂದು ಮದುವೆಯಿದೆ. ಆರತಕ್ಷತೆ ಬೇಡ, ಬೆಳಗಿನ ಮುಹೂರ್ತಕ್ಕೇ ಹೋಗೋಣ ಎಂದು ಅತ್ತೆ ಈಗಲೇ ಹೇಳಿದ್ದಾರೆ. ಆ ಹೊತ್ತಿಗೆ ಬಸ್ಸಿದೆ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ,
ಮೈಸೂರು