ಹರ್ಕ್ಯುಲಿಸ್ ಊರಿಗೆ ಬಂದದ್ದು ಹೇಗೆ, ಅದನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಕಳವಾಗಿದ್ದ ವಿಗ್ರಹ ವಿದೇಶದಿಂದ ವಾಪಸ್ ಬಂತು ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಜೊತೆಗೊಂದು ಫೋಟೊ. ಅದರಲ್ಲಿ ವಿಗ್ರಹಕ್ಕಿಂತ ಗಣ್ಯರೇ ಜಾಸ್ತಿ. ಅದು ನಮ್ಮದೇ ಎಂದು ಯಾರು, ಹೇಗೆ ಸಾಬೀತು ಮಾಡಿದರು ಎಂಬುದು ಮಾತ್ರ ಇರುವುದಿಲ್ಲ. ಓದುವವರಿಗೆ ಬೇಕಾದದ್ದು ಅದೇ ಅಲ್ವಾ?

ಟರ್ಕಿಯ ಹರ್ಕ್ಯುಲಿಸ್ ಪ್ರತಿಮೆಯ ಕಥೆ ನೋಡಿ. (ನಮ್ಮಲ್ಲಿ ಹಳಬರಿಗೆ ಈ ಹೆಸರು ಕೇಳಿದರೆ ಸೈಕಲ್ಲೇ ನೆನಪಾಗುತ್ತದೆ. ನಾನು ಹೇಳುತ್ತಿರುವುದು ಗ್ರೀಕ್ ಪುರಾಣದ ವೀರನ ವಿಷಯ.) ಕ್ರಿ.ಶ. 2ನೇ ಶತಮಾನದ ರೋಮನ್ ಕೆಲಸ, ಅಮೃತಶಿಲೆಯದು. ಸಾಹಸಗಳನ್ನೆಲ್ಲ ಮಾಡಿ ದಣಿದು, ಗದೆಗೆ ಒರಗಿ ನಿಂತ ಭಂಗಿ. ಗ್ರೀಕ್ ಶಿಲ್ಪಿ ಲಿಸಿಪ್ಪಸ್ ಕಂಚಿನಲ್ಲಿ ಮಾಡಿದ್ದ ಮೂಲದ ಮಾದರಿಯಲ್ಲಿ ರೋಮನ್ನರ ಕಾಲದಲ್ಲಿ ಇಂಥವು ಎಷ್ಟೋ ಆದವು. ನೇಪಲ್ಸ್ ಮ್ಯೂಸಿಯಂನ ಫಾರ್ನೀಸ್ ಹರ್ಕ್ಯುಲಿಸ್ ಅವುಗಳಲ್ಲಿ ಹೆಸರುವಾಸಿ, ಎತ್ತರ ಮೂರು ಮೀಟರ್‌ಗೂ ಜಾಸ್ತಿ.

1980ರಲ್ಲಿ ಅಂಟಾಲ್ಯಾ ಹತ್ತಿರದ ಪೆರ್ಗೆಯಲ್ಲಿ ಪುರಾತತ್ವಜ್ಞೆ ಜಾಲೆ ಇನಾನ್ ಅವರ ತಂಡಕ್ಕೆ ಪ್ರತಿಮೆಯ ಕೆಳಭಾಗ ಸಿಕ್ಕಿತು. ಮೇಲ್ಭಾಗ ಇರಲಿಲ್ಲ. ಮರುವರ್ಷವೇ ಅಮೆರಿಕದ ಬಾಸ್ಟನ್ ಕಲಾ ಮ್ಯೂಸಿಯಂ, ಸಂಗ್ರಾಹಕರೊಬ್ಬರ ಜೊತೆ ಪಾಲು ಹಾಕಿ, ಒಂದು ಮೇಲ್ಭಾಗ ಕೊಂಡಿತು! ಎರಡೂ ಒಂದೇ ಪ್ರತಿಮೆಯವು ಎಂಬ ವಿಷಯವನ್ನು 1990ರ ಸುಮಾರಿಗೆ ಹೊರಗೆ ತಂದವರಲ್ಲಿ ಪತ್ರಕರ್ತ ಓಜ್ಗೆನ್ ಅಜಾರ್ ಮುಖ್ಯರು. ನಿಮ್ಮ ವೃತ್ತಿಯವರೇ.

ಮ್ಯೂಸಿಯಂ ಸುಲಭಕ್ಕೆ ಒಪ್ಪಲಿಲ್ಲ. ಕೊನೆಗೆ 1992ರಲ್ಲಿ ಎರಡೂ ಭಾಗಗಳ ಪ್ಲಾಸ್ಟರ್ ಅಚ್ಚು ಮಾಡಿ ಒಂದರ ಮೇಲೊಂದು ಇಟ್ಟು ನೋಡಿದರು. ಮುರಿದ ಅಂಚಿಗೆ ಮುರಿದ ಅಂಚು ಸರಿಯಾಗಿ ಕೂತಿತು. ಇಷ್ಟಾದ ಮೇಲೂ ಪ್ರತಿಮೆ ಊರು ಸೇರಿದ್ದು 2011ರಲ್ಲಿ. ಆಗಿನ ಪ್ರಧಾನಿ ಎರ್ಡೋಗನ್ ತಮ್ಮ ವಿಮಾನದಲ್ಲೇ ಅದನ್ನು ತಂದರು, ಸುದ್ದಿ ಜೋರಾಗಿಯೇ ಆಯಿತು. ಜಾಲೆ ಇನಾನ್ 2001ರಲ್ಲೇ ತೀರಿಕೊಂಡಿದ್ದರು. ನನ್ನ ಪ್ರಕಾರ ಆ ಫೋಟೊದಲ್ಲಿ ಮೊದಲು ಇರಬೇಕಾಗಿದ್ದವರು ಅವರು. ಕೆಳಭಾಗ ಎಲ್ಲಿ, ಯಾವಾಗ ಸಿಕ್ಕಿತು ಎಂಬ ಉತ್ಖನನದ ದಾಖಲೆ ಇಲ್ಲದಿದ್ದರೆ ಅಚ್ಚು ಕೂತರೂ ಪ್ರತಿಮೆ ಪೆರ್ಗೆಯದು ಎಂದು ಹೇಳುವುದು ಹೇಗೆ?

ನಮ್ಮ ಕಡೆಯೂ ಇಂಥದ್ದು ನಡೆದಿದೆ. ತಮಿಳುನಾಡಿನ ಶ್ರೀಪುರಂತಾನ್ ನಟರಾಜ 2014ರಲ್ಲಿ ಆಸ್ಟ್ರೇಲಿಯಾದಿಂದ ಬಂದದ್ದರ ಹಿಂದೆ ಪುದುಚೇರಿಯ ಫ್ರೆಂಚ್ ಸಂಸ್ಥೆಯಲ್ಲಿದ್ದ ಹಳೆಯ ಫೋಟೊಗಳಿದ್ದವು. ಯಾರೋ ಯಾವ ಕಾಲದಲ್ಲೋ ದೇವಸ್ಥಾನಕ್ಕೆ ಹೋಗಿ ತೆಗೆದಿಟ್ಟವು.

ಮುಂದೆ ಇಂಥ ಸುದ್ದಿ ಹಾಕುವಾಗ ಗಣ್ಯರ ಫೋಟೊ ಒಂದು ಕಾಲಂ ಚಿಕ್ಕದಾದರೂ ನಮ್ಮ ತಕರಾರಿಲ್ಲ. ಉಳಿದ ಜಾಗದಲ್ಲಿ ಸಾಕ್ಷ್ಯ ಏನಿತ್ತು, ಅದನ್ನು ಹುಡುಕಿದವರು ಯಾರು ಎಂದು ಬರೆಯಿರಿ. ಸಾಧ್ಯವಾದರೆ ಆ ಹಳೆಯ ಫೋಟೊವನ್ನೂ ಪಕ್ಕದಲ್ಲೇ ಹಾಕಿ.

ಇಂತಿ,
ನಿಮ್ಮ ಓದುಗ, ಮೈಸೂರು