ಪೆಡಲ್ ಮತ್ತೆ ಕಾಲಿಗೆ ಸಿಕ್ಕಿತು

ಈ ಸಲ ಶಾಲೆ ಶುರುವಾಗುವ ಮೊದಲು 42 ಜೊತೆ ಯೂನಿಫಾರ್ಮ್ ಹೊಲಿದು ಕೊಟ್ಟೆ. ಹೋದ ವರ್ಷ ಇದೇ ಹೊತ್ತಿಗೆ ಕಾಲಿನ ನರದ ತೊಂದರೆಯಿಂದ ಒಂದನ್ನೂ ಮುಗಿಸಲು ಆಗಿರಲಿಲ್ಲ. ಕತ್ತರಿಸಿದ ಬಟ್ಟೆಯನ್ನು ಹಾಗೇ ಮಡಚಿ ವಾಪಸ್ ಕೊಟ್ಟಿದ್ದೆ. ಆಗ ಬಟ್ಟೆ ಕೊಟ್ಟಿದ್ದ ನೀವು ಯಾರೂ ಒಂದು ಕಟು ಮಾತು ಆಡಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ನನ್ನ ಹೊಲಿಗೆ ಅಂಗಡಿಗೆ ಬರುವವರಿಗೆ ನನಗೆ ಶುಗರ್ ಇರುವುದು ಗೊತ್ತು. 14 ವರ್ಷ ಆಯಿತು. 6 ವರ್ಷದಿಂದ ರುಮಟಾಯ್ಡ್ ಸಂಧಿವಾತವೂ ಇದೆ. ಮೈಯೇ ತನ್ನ ಗಂಟುಗಳ ಮೇಲೆ ತಿರುಗಿ ಬೀಳುವ ಕಾಯಿಲೆ ಅದು. ಇವೆರಡರ ನಡುವೆ ನರದ ತೊಂದರೆ ಯಾವಾಗ ಸೇರಿಕೊಂಡಿತೋ ತಿಳಿಯಲೇ ಇಲ್ಲ. ಮೊದಲು ಕಾಲಬೆರಳು ಜುಮ್ಮೆನ್ನುತ್ತಿತ್ತು. ಆಮೇಲೆ ರಾತ್ರಿ ಉರಿ. ಹೊದಿಕೆ ತಾಗಿದರೂ ನೋವು. ಕೊನೆಗೆ ಪೆಡಲ್ ಮೇಲೆ ಕಾಲು ಇದೆಯೋ ಜಾರಿದೆಯೋ ಎಂದು ಬಗ್ಗಿ ನೋಡಿಯೇ ತಿಳಿಯಬೇಕಾಯಿತು. ಮಳೆಗಾಲದ ಒಂದು ರಾತ್ರಿ ಕರೆಂಟ್ ಹೋದಾಗ ಅಂಗಳದಲ್ಲೇ ಬಿದ್ದೆ. ಕತ್ತಲಲ್ಲಿ ನೆಲ ಎಲ್ಲಿದೆ ಎಂದು ಕಾಲು ಹೇಳಲಿಲ್ಲ.

ಮಂಗಳೂರಿನ ಡಾಕ್ಟರು ಕಣ್ಣು ಮುಚ್ಚಲು ಹೇಳಿ ನೈಲಾನ್ ದಾರದ ಒಂದು ತುಂಡನ್ನು ಪಾದಕ್ಕೆ ಒತ್ತಿದರು. ಅದು ಬಾಗುವಾಗ ಬೀಳುವ ಭಾರ ಬರೀ 10 ಗ್ರಾಂ ಅಂತೆ. ತಾಗಿದಾಗ ಹೇಳಿ ಅಂದರು. ನಾನು ಕಾಯುತ್ತಾ ಕೂತಿದ್ದೆ. ಅವರು ಅಷ್ಟರಲ್ಲಿ ಆರು ಕಡೆ ಒತ್ತಿ ಆಗಿತ್ತು. ಮೂವತ್ತು ವರ್ಷ ದಾರದ ಜೊತೆಗೇ ಬದುಕಿದವಳು ನಾನು. ಅಲ್ಲೇ ಅತ್ತುಬಿಟ್ಟೆ. ಪಕ್ಕದಲ್ಲಿದ್ದ ಮಲಯಾಳಿ ನರ್ಸ್ ನನ್ನ ಪಾದವನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಕೂತರು. ಆ ತಾಯಿಗೆ ನನ್ನ ಮೊದಲ ನಮಸ್ಕಾರ.

ಡಾಕ್ಟರು ನನ್ನ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಹರಡಿಸಿ ಒಂದೊಂದನ್ನೂ ನೋಡಿದರು. ಶುಗರಿನ ಮಾತ್ರೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಿಂದರೆ, ನರಕ್ಕೆ ಬೇಕಾದ ಬಿ12 ವಿಟಮಿನ್ ಮೈಗೆ ಹಿಡಿಯುವುದು ಕಡಿಮೆಯಾಗಬಹುದು. ಬಿ12 ಹೆಚ್ಚಾಗಿ ಸಿಗುವ ಮೀನು, ಮಾಂಸ ನಮ್ಮ ಮನೆಯಲ್ಲಿ ಇಲ್ಲ. ಸಂಧಿವಾತಕ್ಕೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ಅದರ ಜೊತೆ ಫೋಲಿಕ್ ಆ್ಯಸಿಡ್. ಫೋಲಿಕ್ ಆ್ಯಸಿಡ್ ತಿನ್ನುವವರ ರಕ್ತ ಸರಿಯಾಗಿಯೇ ಕಾಣಬಹುದು, ಆದರೆ ಬಿ12 ಇಲ್ಲದೆ ನರಕ್ಕೆ ಬೀಳುವ ಪೆಟ್ಟು ನಿಲ್ಲುವುದಿಲ್ಲ. ಟೆಸ್ಟ್ ಮಾಡಿದಾಗ ಬಿ12 ತುಂಬಾ ಕಡಿಮೆ ಇತ್ತು. ಮೊದಲು ಇಂಜೆಕ್ಷನ್, ಈಗ ಮಾತ್ರೆ. ಇನ್ನೊಂದು ವಿಷಯ ಹೇಳಲೇಬೇಕು. ನರಕ್ಕೆ ಒಳ್ಳೆಯದು ಎಂದು ಯಾರೋ ಹೇಳಿದರೆಂದು ಬಿ6 ಜಾಸ್ತಿ ಇರುವ ಮಾತ್ರೆಯನ್ನು ಎಂಟು ತಿಂಗಳು ತಿಂದಿದ್ದೆ. ಬಿ6 ಮಿತಿ ಮೀರಿದರೆ ಅದೇ ನರವನ್ನು ಕೆಡಿಸುತ್ತದೆ ಎಂದು ಅವತ್ತೇ ಗೊತ್ತಾದದ್ದು. ದಯವಿಟ್ಟು ಸುಮ್ನೆ ಅಂಗಡಿಯಿಂದ ತಂದು ತಿನ್ನಬೇಡಿ. ನರದ ಉರಿಗೆ ಕೆಲವರು ತಿನ್ನುವ ಆಲ್ಫಾ ಲಿಪೊಯಿಕ್ ಆ್ಯಸಿಡ್ ಮಾತ್ರೆಯನ್ನೂ ಡಾಕ್ಟರನ್ನು ಕೇಳಿಯೇ ಮೂರು ತಿಂಗಳು ತಿಂದು ನೋಡಿದೆ. ನನಗೆ ವ್ಯತ್ಯಾಸ ಕಾಣಲಿಲ್ಲ, ಬಿಟ್ಟೆ.

ಮಾತ್ರೆಗಿಂತ ಕಷ್ಟದ್ದು ವ್ಯಾಯಾಮ. ಫಿಸಿಯೋಥೆರಪಿಯ ಹುಡುಗಿ ಕಟಿಂಗ್ ಮೇಜನ್ನೇ ನನಗೆ ಆಸರೆ ಮಾಡಿಕೊಟ್ಟಳು. ಅದನ್ನು ಹಿಡಿದು ಹಿಮ್ಮಡಿ ಎತ್ತುವುದು, ಹತ್ತು ಸಲ. ಒಂದು ಪಾದದ ಮುಂದೆ ಇನ್ನೊಂದು ಪಾದ ತಾಗಿಸಿ ನಿಲ್ಲುವುದು. ಕೈ ಊರದೆ ಕುರ್ಚಿಯಿಂದ ಏಳುವುದು. ಊಟವಾದ ಮೇಲೆ 15 ನಿಮಿಷ ನಡಿಗೆ. ಗಂಟು ಊದಿದ ದಿನ ಬಲವಂತ ಬೇಡ, ಕೂತಲ್ಲೇ ಪಾದ ಆಡಿಸಿದರೆ ಸಾಕು ಎಂದಿದ್ದಳು. ಆ ಮಾತಿನಿಂದಲೇ ನಾನು ನಡುವೆ ಬಿಡಲಿಲ್ಲ ಎಂದು ಈಗ ಅನ್ನಿಸುತ್ತದೆ. ಮೊದಲ ವಾರ ಒಂಟಿ ಕಾಲಲ್ಲಿ ಮೂರು ಸೆಕೆಂಡ್ ನಿಲ್ಲಲೂ ಆಗಲಿಲ್ಲ. ಈಗ ಇಪ್ಪತ್ತು ಸೆಕೆಂಡ್ ನಿಲ್ಲುತ್ತೇನೆ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಟೆಸ್ಟ್ (HbA1c) ಶೇಕಡಾ 9.4 ಇದ್ದದ್ದು 7.1ಕ್ಕೆ ಬಂದಿದೆ.

ನಮ್ಮವರಿಗೆ ಏನು ಹೇಳಲಿ? ಪ್ರತಿ ರಾತ್ರಿ ಟಾರ್ಚ್ ಹಿಡಿದು ನನ್ನ ಅಂಗಾಲು, ಬೆರಳ ಸಂದು ನೋಡುತ್ತಾರೆ. ನೋವೇ ಗೊತ್ತಾಗದ ಕಾಲಿಗೆ ಮುಳ್ಳು ಚುಚ್ಚಿದರೆ ಕಣ್ಣಿಗೇ ಕಾಣಬೇಕಲ್ವಾ. ಒಮ್ಮೆ ಹಿಮ್ಮಡಿಯಲ್ಲಿ ಮುರಿದ ಸೂಜಿಯ ತುದಿ ಇತ್ತು. ನನಗೆ ಗೊತ್ತೇ ಇರಲಿಲ್ಲ. ಅವರು ಅವತ್ತು ನೋಡದೆ ಇರುತ್ತಿದ್ದರೆ ಅದು ಹುಣ್ಣಾಗುತ್ತಿತ್ತು. ತೋಟಕ್ಕೆ, ಅಂಗಳಕ್ಕೆ, ಮನೆಯೊಳಗೂ ಮೆತ್ತನೆಯ ರಬ್ಬರಿನ ಎಂಸಿಆರ್ ಚಪ್ಪಲಿ ಹಾಕಿಸಿದವರೂ ಅವರೇ. ಸ್ನಾನದ ನೀರಿಗೆ ಮೊದಲು ತಾವೇ ಮೊಣಕೈ ಅದ್ದಿ ಬಿಸಿ ನೋಡುತ್ತಾರೆ.

ಕುಂಬಳೆಯ ತನಕ ಪ್ರತಿ ಸಲ ಕರೆದುಕೊಂಡು ಹೋಗಿ ರೈಲು ಹತ್ತಿಸಿದ ರಿಕ್ಷಾದ ಅಣ್ಣ, ಬೀಟ್‌ರೂಟ್ ಪಲ್ಯ ಕಳಿಸುತ್ತಿದ್ದ ನೆರೆಮನೆಯ ಅಕ್ಕ, ಮನೆಗೆ ಬಂದು ಶುಗರ್ ನೋಡಿ ಹೋಗುತ್ತಿದ್ದ ಆಶಾ ಕಾರ್ಯಕರ್ತೆ, ನಿಮ್ಮನ್ನೆಲ್ಲ ನಾನು ಮರೆಯುವುದಿಲ್ಲ.

ಪಾದ ಪೂರ್ತಿ ಸರಿಯಾಗಿಲ್ಲ. ಕಿರುಬೆರಳು ಈಗಲೂ ಮರಗಟ್ಟಿಯೇ ಇದೆ. ಆದರೆ ಹಿಮ್ಮಡಿಯ ಕೆಳಗೆ ಪೆಡಲಿನ ಕಬ್ಬಿಣದ ಗೆರೆಗಳು ತಾಗುತ್ತವೆ. ಮೇ ತಿಂಗಳ ಒಂದು ಬೆಳಗ್ಗೆ ಮೊದಲ ಸಲ ತಾಗಿದಾಗ ಯಂತ್ರ ನಿಲ್ಲಿಸಿ ನಮ್ಮವರನ್ನು ಕೂಗಿದ್ದೆ.

ಪೆರ್ಲದ ಅಕ್ಕ, ನಿಮ್ಮ ಎರಡೂ ರವಕೆ ಆಗಿದೆ. ನೀರ್ಚಾಲಿನ ಮಕ್ಕಳ ಲಂಗಕ್ಕೆ ಗುಂಡಿ ಹಾಕುವುದಷ್ಟೇ ಬಾಕಿ. ಸೋಮವಾರ ಹತ್ತು ಗಂಟೆಗೆ ಬಾಗಿಲು ತೆಗೆದಿರುತ್ತೇನೆ, ಬನ್ನಿ.