ಕಂಬ ಬಂತು, ಅಂಗಳ ಎಲ್ಲಿ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ಕಾರವಾರದ ಹೊಸ ಲೇಔಟೊಂದರ ಇಡೀ ಪುಟದ ಜಾಹೀರಾತು ನೋಡಿದೆ. ‘ಫ್ರೆಂಚ್ ಅರಮನೆ ಶೈಲಿಯ ವಿಲ್ಲಾ’ಗಳಂತೆ. ಎದುರಿಗೆ ನಾಲ್ಕು ದಪ್ಪ ಬಿಳಿ ಕಂಬ, ಅವುಗಳ ಮೇಲೊಂದು ತ್ರಿಕೋನ, ಹಿಂದೆ ಎರಡಂತಸ್ತಿನ ಆರ್‌ಸಿಸಿ ಮನೆ. ಕಂಬಕ್ಕೂ ರಸ್ತೆಗೂ ನಡುವೆ ಒಂದು ಕಾರು ನಿಲ್ಲುವಷ್ಟು ಜಾಗ. ಜಾಹೀರಾತು ಕೊಟ್ಟವರ ಹೆಸರು ಬೇಡ. ಅವರೊಬ್ಬರೇ ಏನಲ್ಲ, ಅಂಕೋಲಾದಿಂದ ಭಟ್ಕಳದ ತನಕ ಹೆದ್ದಾರಿ ಬದಿಗೆ ಈ ಕಂಬದ ಮನೆಗಳು ಈಗ ಜಾಸ್ತಿಯಾಗಿವೆ.

ನಾನು ಮನೆಗಳ ನಕ್ಷೆ ಬರೆದೇ ಸಂಸಾರ ಸಾಗಿಸಿದವನು. ಫ್ರೆಂಚರ ಅಂಥದ್ದೇ ಒಂದು ಮಹಲಿನ ನಕ್ಷೆಯನ್ನು ಡಿಪ್ಲೊಮಾ ಓದುವಾಗ ಟ್ರೇಸಿಂಗ್ ಪೇಪರಿನ ಮೇಲೆ ಬರೆದಿದ್ದೆ. ಅದಕ್ಕೇ ಈ ಪತ್ರ.

ಆ ಮಹಲು ಪ್ಯಾರಿಸ್ಸಿನ ಓತೆಲ್ ದ ಸಾಲ್ಮ್. ಸಾಲ್ಮ್-ಕಿರ್ಬುರ್ಗ್ ಎಂಬ ಪುಟ್ಟ ಜರ್ಮನ್ ಸಂಸ್ಥಾನದ ಮೂರನೇ ಫ್ರೆಡರಿಕ್ 1782ರಿಂದ 1787ರ ನಡುವೆ ಅದನ್ನು ಕಟ್ಟಿಸಿದ. ನಕ್ಷೆ ಬರೆದವನು ಪಿಯೆರ್ ರೂಸೋ (ತತ್ತ್ವಜ್ಞಾನಿ ರೂಸೋ ಬೇರೆ). ರಸ್ತೆಯಲ್ಲಿ ನಿಂತವನಿಗೆ ಮೊದಲು ಸಿಗುವುದು ಮನೆಯಲ್ಲ, ವಿಜಯದ ಕಮಾನಿನಂಥ ಹೆಬ್ಬಾಗಿಲು. ಒಳಗೆ ದೊಡ್ಡ ಅಂಗಳ, ಅದಕ್ಕೆ ಹೊಂದಿ ಕಂಬಸಾಲು. ಅಂಗಳ ದಾಟಿದ ಮೇಲೆ ಎತ್ತರದ ಕಂಬಗಳ ಮುಖಮಂಟಪ, ಆಮೇಲೆ ಮನೆ. ಹಿಂಬದಿಯಲ್ಲಿ ಸೇನ್ ನದಿ. ಆ ಕಡೆಗೆ ಅರ್ಧ ವೃತ್ತವಾಗಿ ಹೊರಚಾಚಿದ ಕೋಣೆ, ಅದರ ತಲೆಯ ಮೇಲೆ ತಗ್ಗಾದ ಗುಮ್ಮಟ. ಕಂಬಗಳು ಅಲ್ಲಿ ಸುಮ್ನೆ ನಿಂತಿಲ್ಲ. ಬಂದವನನ್ನು ಬಾಗಿಲಿಂದ ಅಂಗಳಕ್ಕೆ, ಅಂಗಳದಿಂದ ಮನೆಗೆ ಕರೆದುಕೊಂಡು ಹೋಗುತ್ತವೆ. ಅಂಗಳ ತೆಗೆದುಬಿಟ್ಟರೆ ಅವುಗಳಿಗೆ ಏನು ಕೆಲಸ?

ಕಟ್ಟಿಸಿದವನಿಗೆ ಆ ಮನೆಯ ಋಣ ಜಾಸ್ತಿ ದಿನ ಇರಲಿಲ್ಲ. ಫ್ರೆಂಚ್ ಕ್ರಾಂತಿ ಬಂತು, 1794ರ ಜುಲೈ 23ಕ್ಕೆ ಗಿಲೊಟಿನ್‌ಗೆ ತಲೆ ಕೊಟ್ಟ. ಅದಾಗಿ ನಾಲ್ಕೇ ದಿನಕ್ಕೆ, ಆ ತಲೆ ಕಡಿಸುವ ಆಡಳಿತದ ಮುಂದಾಳು ರೊಬೆಸ್ಪಿಯರ್ ಅಧಿಕಾರದಿಂದ ಬಿದ್ದ. ನೆಪೋಲಿಯನ್ ಕಾಲದಲ್ಲಿ, 1804ರಲ್ಲಿ, ಮನೆ ಫ್ರಾನ್ಸಿನ ದೊಡ್ಡ ಗೌರವವಾದ ಲೀಜನ್ ಆಫ್ ಆನರ್ ಪದಕದ ಕಚೇರಿಯಾಯಿತು. 1871ರಲ್ಲಿ ಪ್ಯಾರಿಸ್ ಕಮ್ಯೂನ್ ಅನ್ನುವ ದಂಗೆಯ ಗಲಾಟೆಯಲ್ಲಿ ಸುಟ್ಟುಹೋಯಿತು. ಪದಕ ಪಡೆದವರೇ ಚಂದಾ ಕೂಡಿಸಿ ಮತ್ತೆ ಕಟ್ಟಿಸಿದರು. ಇವತ್ತಿಗೂ ಆರ್ಸೇ ಮ್ಯೂಸಿಯಂ ಪಕ್ಕದಲ್ಲೇ ಇದೆ.

ನಕಲು ಮಾಡಲೇಬಾರದು ಅಂತ ನನ್ನ ವಾದವಲ್ಲ. ಈ ಮನೆಯನ್ನೂ ನಕಲು ಮಾಡಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1924ರಲ್ಲಿ ತೆರೆದ ಲೀಜನ್ ಆಫ್ ಆನರ್ ಮ್ಯೂಸಿಯಂ ಇದರದೇ ಮುಕ್ಕಾಲು ಅಳತೆಯ ಪ್ರತಿ. ಅಂಗಳವನ್ನೂ ಬಿಡದೆ ಕಟ್ಟಿದ್ದಾರೆ. ನನಗೆ ಹೆಚ್ಚು ಹಿಡಿಸುವುದು ಥಾಮಸ್ ಜೆಫರ್ಸನ್‌ನ ನಕಲು. ಮುಂದೆ ಅಮೆರಿಕದ ಅಧ್ಯಕ್ಷನಾದವನು. ಆಗ ಪ್ಯಾರಿಸ್ಸಿನಲ್ಲಿ ರಾಯಭಾರಿಯಾಗಿದ್ದ. ಈ ಮನೆ ಏಳುವುದನ್ನು ನೋಡಲು ನದಿಯಾಚೆಯ ಟ್ವಿಲರಿ ತೋಟಕ್ಕೆ ಹೆಚ್ಚುಕಡಿಮೆ ದಿನಾ ಹೋಗುತ್ತಿದ್ದನಂತೆ. ಕುರ್ಚಿ ಬಾಡಿಗೆಗೆ ಕೊಡುವಾಕೆ ಸರಿಯಾದ ಜಾಗಕ್ಕೆ ಕುರ್ಚಿ ಹಾಕುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ಕತ್ತು ತಿರುಗಿಸಿ ನೋಡಿ ನೋಡಿ ಕತ್ತು ಹಿಡಿದುಕೊಂಡಿತು ಎಂದು 1787ರಲ್ಲಿ ಗೆಳತಿಯೊಬ್ಬಳಿಗೆ ಪತ್ರ ಬರೆದಿದ್ದಾನೆ.

ಇಷ್ಟು ಮರುಳಾದವನು ಊರಿಗೆ ಹೋಗಿ ಏನು ಮಾಡಿದ? ವರ್ಜೀನಿಯಾದ ಗುಡ್ಡದ ಮೇಲಿನ ತನ್ನ ಮಾಂಟಿಚೆಲೋ ಮನೆಯನ್ನು 1796ರಿಂದ ತಿರುಗಿ ಕಟ್ಟಿಸಿದ. ಗುಮ್ಮಟ ಇಟ್ಟ. ಮೂರು ಅಂತಸ್ತಿದ್ದರೂ ಹೊರಗಿನಿಂದ ಒಂದೇ ಅಂತಸ್ತು ಕಾಣುವ ಪ್ಯಾರಿಸ್ಸಿನ ಉಪಾಯ ತಂದ. ಆದರೆ ಗೋಡೆಗೆ ಅಲ್ಲಿನದೇ ಮಣ್ಣಿನ ಇಟ್ಟಿಗೆ. ಆ ಇಟ್ಟಿಗೆ ಹೊತ್ತವರು ಗುಲಾಮರು, ಅದನ್ನೂ ಹೇಳಲೇಬೇಕು.

ನಮ್ಮಲ್ಲಿ ಏನು ಕಡಿಮೆಯಿತ್ತು ಹೇಳಿ. ದಣಪೆ (ಬೇಲಿಯ ಬಾಗಿಲು) ದಾಟಿದರೆ ಅಂಗಳ, ತುಳಸಿಕಟ್ಟೆ, ಜಗಲಿ, ನಡುಮನೆ, ಕೊನೆಗೆ ಹಿತ್ತಲು. ಬಂದವರು ಯಾರು, ಎಲ್ಲಿ ತನಕ ಬರಬಹುದು ಅನ್ನುವುದು ಮನೆಯ ನಕ್ಷೆಯಲ್ಲೇ ಇತ್ತು. ಜಾತಿಯ ಲೆಕ್ಕವೂ ಅದರಲ್ಲಿ ಸೇರಿತ್ತು, ಅದು ಹೋಗಲಿ. ಅಂಗಳ ಯಾಕೆ ಹೋಗಬೇಕು?

ಇನ್ನು ಮಳೆಯ ವಿಷಯ. ಪ್ಯಾರಿಸ್ಸಿಗೆ ವರ್ಷಕ್ಕೆ 600 ಚಿಲ್ಲರೆ ಮಿಲಿಮೀಟರ್ ಮಳೆ. ಕಾರವಾರಕ್ಕೆ 3000ದ ಆಸುಪಾಸು. ಅವರ ಕಂಬ ಕಡೆದ ಕಲ್ಲು. ನಮ್ಮದು ಕಬ್ಬಿಣದ ಸರಳಿನ ಪಿಲ್ಲರಿಗೆ ಎರಡು ಬದಿಯಿಂದ ಅಂಟಿಸಿದ ಅಚ್ಚಿನ ಚಿಪ್ಪು. ಸದಾಶಿವಗಡ ಕಡೆ ಇಂಥ ಒಂದು ಮನೆಗೆ ಸೋರಿಕೆ ನೋಡಲು ಕರೆದಿದ್ದರು. ಕಂಬದ ಬುಡದಲ್ಲಿ ಚಿಪ್ಪು ಕೂಡುವ ಗೆರೆ ಬೆರಳು ಹೋಗುವಷ್ಟು ಬಿಟ್ಟಿತ್ತು. ಕೈಯಿಂದ ಬಡಿದರೆ ಟೊಳ್ಳು ಸದ್ದು. ಒಂದು ಚೂರು ಎಬ್ಬಿಸಿದ್ದೇ ತಡ, ಕಂದು ನೀರು ಸುರಿಯಿತು, ಸರಳಿನ ತುಕ್ಕು ಪದರಪದರವಾಗಿ ಕೈಗೆ ಬಂತು. ಮನೆ ಒಕ್ಕಲಾಗಿ ಇನ್ನೂ ಜಾಸ್ತಿ ವರ್ಷವಾಗಿರಲಿಲ್ಲ. ಕಡಲ ಉಪ್ಪುಗಾಳಿಗೆ ಸರಳು ಸಿಕ್ಕರೆ ಹೀಗೇ. ತುಕ್ಕು ಉಬ್ಬುತ್ತದೆ, ಕಾಂಕ್ರೀಟನ್ನು ಒಡೆಯುತ್ತದೆ. ಅದೇ ಹಿತ್ತಲಿನ ಹಳೇ ಕೊಟ್ಟಿಗೆಯ ಚಿರೆಕಲ್ಲಿನ (ಕೆಂಪು ಮುರಕಲ್ಲಿನ) ಗೋಡೆ, ಹಂಚಿನ ಮಾಡು ಗಟ್ಟಿಯಾಗಿಯೇ ಇದ್ದವು. ಚಿರೆಕಲ್ಲು ಕಡಿಯುವಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ. ಅದರ ಮೇಲೆ ನೀರು ಇಳಿಯದಂತೆ ಮಾಡು ಮುಂದೆ ಚಾಚಿದ್ದರೆ ಸಾಕು. ಜಾಹೀರಾತಿನ ಮನೆಗೆ ಮಾಡೇ ಇಲ್ಲ, ಟೆರೇಸಿನ ಸುತ್ತ ಕೈಗೋಡೆ ಮಾತ್ರ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಜಾಹೀರಾತು ಬೇಡ ಅನ್ನುವುದಿಲ್ಲ, ಪತ್ರಿಕೆಯೂ ನಡೆಯಬೇಕಲ್ವಾ. ಆದರೆ ನಿಮ್ಮ ಮನೆ-ನಿವೇಶನದ ಪುಟದಲ್ಲಿ ಇಂಥ ಮನೆಗಳ ಬಗ್ಗೆ ಬರೆಸುವಾಗ ಎದುರಿನ ಫೋಟೋದ ಜೊತೆ ನೆಲದ ನಕ್ಷೆಯನ್ನೂ ಅಚ್ಚು ಹಾಕಿ. ಅಂಗಳ ಎಷ್ಟು, ಮಾಡು ಎಷ್ಟು ಚಾಚಿದೆ, ಕಂಬದೊಳಗೆ ಏನಿದೆ ಅಂತ ಓದುಗರಿಗೆ ಗೊತ್ತಾಗಲಿ. ಫೋಟೋವನ್ನು ಜನವರಿಯಲ್ಲಿ ತೆಗೆಸಬೇಡಿ. ಆಗಸ್ಟ್‌ನಲ್ಲಿ ತೆಗೆಸಿ.

ಇಂತಿ,
ನಿವೃತ್ತ ನಕ್ಷೆಗಾರ,
ಕಾಜುಬಾಗ, ಕಾರವಾರ